ಅಪಘಾತ ಪರಿಹಾರದಲ್ಲಿ ವಕೀಲರ ‘ಪರ್ಸೆಂಟೇಜ್’: ನಿಷೇಧವಿದ್ದೂ ನಡೆಯುವ ವ್ಯವಹಾರದ ಲೆಕ್ಕ

ವಿಮಾ ಕಂಪನಿಗಳು ರಸ್ತೆ ಅಪಘಾತದ ಪರಿಹಾರವನ್ನು ನ್ಯಾಯಮಂಡಳಿಯಲ್ಲಿ ಠೇವಣಿ ಇಡುವ ಬದಲು ನೇರವಾಗಿ ಅರ್ಜಿದಾರರ ಬ್ಯಾಂಕ್ ಖಾತೆಗೆ ವರ್ಗಾಯಿಸುವಂತೆ ಆದೇಶಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿತು. ಯಾರೂ ಬಂದು ಪಡೆಯದೆ ನ್ಯಾಯಮಂಡಳಿಗಳಲ್ಲಿ ಉಳಿದುಹೋದ ಪರಿಹಾರದ ಹಣದ ಬಗ್ಗೆ ಗುಜರಾತಿನ ನಿವೃತ್ತ ಜಿಲ್ಲಾ ನ್ಯಾಯಾಧೀಶರೊಬ್ಬರು ಬರೆದ ಪತ್ರದಿಂದ ಹುಟ್ಟಿದ ಇನ್ನೊಂದು ಪ್ರಕರಣದಲ್ಲಿ, ಅರ್ಜಿದಾರರ ಗುರುತಿನ ದಾಖಲೆ ಮತ್ತು ಬ್ಯಾಂಕ್ ಖಾತೆಯ ವಿವರಗಳನ್ನು ಮೊದಲೇ ಪಡೆದಿಟ್ಟುಕೊಳ್ಳಬೇಕೆಂದು ಅದೇ ವರ್ಷದ ಏಪ್ರಿಲ್‌ನಲ್ಲಿ ನಿರ್ದೇಶನ ಬಂತು. ಮೇಲ್ನೋಟಕ್ಕೆ ಇವು ಬರೀ ಕಚೇರಿ ಕ್ರಮಗಳು. ಆದರೆ ಇವು ಬಂದ ಮೇಲೆ ಜನರಲ್ಲಿ ಎದ್ದ ಪ್ರಶ್ನೆಯೇ ಬೇರೆ: ಹಣ ನೇರವಾಗಿ ನಮ್ಮ ಖಾತೆಗೆ ಬಂದರೆ ವಕೀಲರ ಪಾಲಿನ ಗತಿಯೇನು? ಆ ಪಾಲು ಕೊಡಲೇಬೇಕೇ? ಅಸಲಿಗೆ ಅದು ಕಾನೂನುಬದ್ಧವೇ?

‘ಗೆದ್ದರೆ ಮಾತ್ರ ಫೀಸು’ ಎಂಬುದು ಅಮೆರಿಕದಲ್ಲಿ ಸಲ್ಲುವ ಪದ್ಧತಿ ಎಂದು ಒಬ್ಬರು ಹೇಳುತ್ತಾರೆ. ಭಾರತದಲ್ಲಿ ಅದು ಅಪರಾಧ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಎಲ್ಲ ಕೋರ್ಟುಗಳಲ್ಲೂ ನಡೆಯುವುದೇ ಹೀಗೆ ಎಂದು ಮೂರನೆಯವರು ತಳ್ಳಿಹಾಕುತ್ತಾರೆ. ಮೂರು ಮಾತಿನಲ್ಲೂ ಒಂದಿಷ್ಟು ಸತ್ಯವಿದೆ, ಪೂರ್ತಿ ಸತ್ಯ ಯಾವುದರಲ್ಲೂ ಇಲ್ಲ.

ಫಲಾಧಾರಿತ ಶುಲ್ಕದ ಕೆಲಸ ಹೇಗೆ?

ಮೊಕದ್ದಮೆಯ ಆರಂಭದಲ್ಲಿ ಕಕ್ಷಿದಾರರು ಏನೂ ಕೊಡುವುದಿಲ್ಲ. ಗೆದ್ದರೆ ಸಿಕ್ಕ ಹಣದಲ್ಲಿ ಒಂದು ಪಾಲು ವಕೀಲರಿಗೆ, ಸೋತರೆ ವಕೀಲರ ಶ್ರಮ ವಕೀಲರಿಗೇ ನಷ್ಟ. ಈ ಪದ್ಧತಿ ಅತ್ಯಂತ ವಿಸ್ತಾರವಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿ ಮೂರನೇ ಒಂದು ಪಾಲು ಸಾಮಾನ್ಯ ದರ. ಪ್ರಕರಣ ವಿಚಾರಣೆಯ ಹಂತಕ್ಕೆ ಹೋದರೆ ಅದು ಶೇ 40ಕ್ಕೆ ಏರುವುದುಂಟು. ಒಪ್ಪಂದ ಬರವಣಿಗೆಯಲ್ಲಿರಬೇಕು, ಅದಕ್ಕೆ ಕಕ್ಷಿದಾರರ ಸಹಿ ಬೇಕು, ಖರ್ಚನ್ನು ಕಳೆಯುವ ಮೊದಲು ಶೇಕಡಾವಾರು ಲೆಕ್ಕ ಹಾಕಲಾಗುತ್ತದೆಯೋ ಕಳೆದ ಮೇಲೆಯೋ ಎಂಬುದು ಅದರಲ್ಲೇ ಸ್ಪಷ್ಟವಾಗಿರಬೇಕು ಎಂದು ಅಲ್ಲಿನ ವಕೀಲರ ಮಾದರಿ ನಿಯಮಾವಳಿ ಹೇಳುತ್ತದೆ. ಕ್ರಿಮಿನಲ್ ಪ್ರಕರಣಗಳಿಗೂ ವಿಚ್ಛೇದನಕ್ಕೂ ಈ ಬಗೆಯ ಶುಲ್ಕ ಅಲ್ಲಿಯೂ ನಿಷಿದ್ಧ.

ಖರ್ಚಿನ ಷರತ್ತು ಸಣ್ಣದೆಂದು ಕಂಡರೂ ಕೈಗೆ ಬರುವ ಮೊತ್ತ ಅದರಿಂದ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಗಾಯಾಳುವಿಗೆ ಸಂಬಂಧಿಸಿದ ಕನಿಷ್ಠ ವಾಹನ ವಿಮೆಯ ಮಿತಿ 2025ರ ಜನವರಿ 1ರಿಂದ 30,000 ಡಾಲರ್. ಅಷ್ಟಕ್ಕೇ ರಾಜಿಯಾಗಿ, ದಾಖಲೆಪತ್ರ, ತಜ್ಞರ ವರದಿ ಮುಂತಾದವಕ್ಕೆ 1,500 ಡಾಲರ್ ಖರ್ಚಾಗಿದೆ ಎಂದುಕೊಳ್ಳೋಣ. ಒಟ್ಟು ಮೊತ್ತದ ಮೇಲೆ ಮೂರನೇ ಒಂದು ಪಾಲು ತೆಗೆದರೆ ಗಾಯಾಳುವಿಗೆ ಉಳಿಯುವುದು 18,500 ಡಾಲರ್. ಖರ್ಚು ಕಳೆದ ಮೇಲೆ ಪಾಲು ತೆಗೆದರೆ 19,000. ಚಿಕಿತ್ಸೆಗೆ ಹಣ ಕೊಟ್ಟ ಆರೋಗ್ಯ ವಿಮಾ ಕಂಪನಿ ತನ್ನ ಬಾಕಿಯನ್ನು ಕೇಳುವುದು ಇದರ ನಂತರ. ಅಲ್ಲಿ ನೆಲೆಸಿದ ಕನ್ನಡಿಗರು ಹೆದ್ದಾರಿಯ ಬದಿಯ ದೊಡ್ಡ ಫಲಕಗಳಲ್ಲಿ ಕಾಣುವ ಕೋಟಿಗಟ್ಟಲೆ ಮೊತ್ತದ ಹಿಂದೆ ಇಂಥ ಕಳೆಯುವ ಲೆಕ್ಕಗಳು ಸಾಲಾಗಿ ನಿಂತಿರುತ್ತವೆ.

ಅಮೆರಿಕದಲ್ಲಿ ಈ ಏರ್ಪಾಡಿಗೆ ಕೊಡುವ ಸಮರ್ಥನೆ ಒಂದೇ: ಅಪಾಯ. ತಪ್ಪು ಯಾರದ್ದು, ಪರಿಹಾರ ಎಷ್ಟು ಎಂಬುದನ್ನು ಜ್ಯೂರಿ ನಿರ್ಧರಿಸಬಹುದಾದ್ದರಿಂದ ಫಲ ಅನಿಶ್ಚಿತ. ಗೆದ್ದವರ ವಕೀಲರ ಫೀಸನ್ನು ಸೋತವರು ಕೊಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಆದ್ದರಿಂದ ಸೋಲುವ ಪ್ರಕರಣಗಳ ನಷ್ಟವನ್ನು ಗೆಲ್ಲುವ ಪ್ರಕರಣಗಳ ಪಾಲಿನಿಂದ ತುಂಬಿಕೊಳ್ಳಬೇಕಾಗುತ್ತದೆ. ಈ ಸಮರ್ಥನೆ ನಮ್ಮಲ್ಲಿಗೆ ಎಷ್ಟರ ಮಟ್ಟಿಗೆ ಒಪ್ಪುತ್ತದೆ ಎಂಬುದೇ ಮುಂದಿನ ಚರ್ಚೆಯ ತಿರುಳು.

ಭಾರತದ ನಿಯಮ: ಅಪರಾಧವಲ್ಲ, ಆದರೆ ದುರ್ನಡತೆ

ಮೊಕದ್ದಮೆಯ ಫಲಕ್ಕೆ ಕಟ್ಟುಬಿದ್ದ ಶುಲ್ಕವನ್ನು ವಕೀಲರು ಗೊತ್ತುಪಡಿಸಿಕೊಳ್ಳಬಾರದು, ಬಂದ ಹಣದಲ್ಲಿ ಪಾಲು ಪಡೆಯಲು ಒಪ್ಪಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ವೃತ್ತಿನಡತೆಯ 20ನೇ ನಿಯಮ ನೇರವಾಗಿ ಹೇಳುತ್ತದೆ. ಇದನ್ನು ಮೀರಿದರೆ ಜೈಲು ಶಿಕ್ಷೆಯಿಲ್ಲ. 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಅಡಿ ಶಿಸ್ತುಕ್ರಮವಿದೆ. ವಾಗ್ದಂಡನೆಯಿಂದ ಹಿಡಿದು ಸನ್ನದು ಕಳೆದುಕೊಳ್ಳುವವರೆಗೆ ಅದು ಹೋಗಬಹುದು.

ಕುತೂಹಲದ ಸಂಗತಿಯೆಂದರೆ ನಿಷೇಧವಿರುವುದು ವಕೀಲರಿಗೆ ಮಾತ್ರ. ಬೇರೆಯವರ ಮೊಕದ್ದಮೆಗೆ ಹಣ ಹೂಡಿ ಫಲದಲ್ಲಿ ಪಾಲು ಪಡೆಯುವುದು ಭಾರತದಲ್ಲಿ ತಾನಾಗಿಯೇ ಅಕ್ರಮವಾಗುವುದಿಲ್ಲ ಎಂದು ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಪೀಠವಾಗಿದ್ದ ಪ್ರಿವಿ ಕೌನ್ಸಿಲ್ 1876ರಲ್ಲೇ ಹೇಳಿತ್ತು. ಸುಪ್ರೀಂ ಕೋರ್ಟ್ 1954ರಲ್ಲಿ ಒಬ್ಬ ಹಿರಿಯ ವಕೀಲರ ಪ್ರಕರಣದಲ್ಲಿ ಆ ಮಾತನ್ನು ಒಪ್ಪುತ್ತಲೇ, ಅದೇ ಒಪ್ಪಂದವನ್ನು ವಕೀಲರು ಮಾಡಿಕೊಂಡರೆ ವೃತ್ತಿ ದುರ್ನಡತೆಯಾಗುತ್ತದೆ ಎಂದಿತು. 2018ರಲ್ಲಿ ವಿದೇಶಿ ಕಾನೂನು ಸಂಸ್ಥೆಗಳ ಕುರಿತ ತೀರ್ಪಿನಲ್ಲೂ ನ್ಯಾಯಾಲಯ ಇದೇ ಗೆರೆಯನ್ನು ಉಳಿಸಿಕೊಂಡಿತು. ಹಾಗಾಗಿ ಸಾಲ ಕೊಡುವವನು ಗೆಲುವಿನಲ್ಲಿ ಪಾಲು ಕೇಳಬಹುದು, ವಾದ ಮಾಡುವವರು ಕೇಳಬಾರದು. ಕೋರ್ಟಿನ ಅಧಿಕಾರಿಯೂ ಆಗಿರುವ ವ್ಯಕ್ತಿಗೆ ಫಲದಲ್ಲಿ ಸ್ವಂತ ಹಿತಾಸಕ್ತಿ ಇರಬಾರದು ಎಂಬುದು ಇದರ ಹಿಂದಿನ ತರ್ಕ.

ಅಪಘಾತ ಪರಿಹಾರಕ್ಕೇ ನೇರವಾಗಿ ಸಂಬಂಧಿಸಿದ ತೀರ್ಪು 2017ರ ಡಿಸೆಂಬರ್‌ನದು. ತೆಲಂಗಾಣದ ಮಹಿಳೆಯೊಬ್ಬರ ಪತಿ 1998ರಲ್ಲಿ ಅಪಘಾತದಲ್ಲಿ ತೀರಿಕೊಂಡಿದ್ದರು. ಪರಿಹಾರ ಬಂದ ಮೇಲೆ, ತಾವು ಆಗಲೇ 10 ಲಕ್ಷ ರೂಪಾಯಿ ಫೀಸು ಕೊಟ್ಟಿದ್ದರೂ ವಕೀಲರು ಮತ್ತೆ 3 ಲಕ್ಷದ ಚೆಕ್ಕಿಗೆ ಒತ್ತಾಯದಿಂದ ಸಹಿ ಮಾಡಿಸಿಕೊಂಡರೆಂಬುದು ಅವರ ಅಹವಾಲು. ಚೆಕ್ ಬೌನ್ಸ್ ಆಯಿತೆಂದು ಅವರ ಮೇಲೆಯೇ ಕ್ರಿಮಿನಲ್ ದೂರು ದಾಖಲಾಯಿತು. ಪರಿಹಾರದ ಮೊತ್ತದ ಶೇಕಡಾವಾರು ಲೆಕ್ಕದಲ್ಲಿ ಫೀಸು ಕೇಳುವುದು ಸಾರ್ವಜನಿಕ ನೀತಿಗೆ ವಿರುದ್ಧ, ಕರಾರು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅಂಥ ಒಪ್ಪಂದ ಊರ್ಜಿತವಲ್ಲ, ಅದರ ಆಧಾರದ ಚೆಕ್ ಪ್ರಕರಣವೂ ನಿಲ್ಲದು ಎಂದು ಸುಪ್ರೀಂ ಕೋರ್ಟ್ ದೂರನ್ನು ರದ್ದುಪಡಿಸಿತು. ವಕೀಲರ ಶುಲ್ಕವನ್ನು ನಿಯಂತ್ರಿಸಲು ಸರ್ಕಾರ ಶಾಸನದ ಬಗ್ಗೆ ಯೋಚಿಸಬೇಕೆಂಬ ಆಶಯವನ್ನೂ ಅದೇ ತೀರ್ಪು ವ್ಯಕ್ತಪಡಿಸಿತು.

ಸಾವಿರ ರೂಪಾಯಿಯ ಫೀಸು, ಆರು ಲಕ್ಷದ ಪಾಲು

ಕರ್ನಾಟಕದ ನ್ಯಾಯಮಂಡಳಿಗಳ ತೀರ್ಪುಗಳನ್ನು ತಿರುವಿ ನೋಡಿದವರಿಗೆ ಆದೇಶದ ಕೊನೆಯ ಸಾಲೊಂದು ಪರಿಚಿತ: ‘ವಕೀಲರ ಶುಲ್ಕವನ್ನು 1,000 ರೂಪಾಯಿ ಎಂದು ನಿಗದಿಪಡಿಸಲಾಗಿದೆ.’ ಎಷ್ಟೋ ಆದೇಶಗಳಲ್ಲಿ ಮೊತ್ತ ಇಷ್ಟೇ ಅಥವಾ ಇದರ ಆಸುಪಾಸು. ಎದುರುದಾರರು ಭರಿಸಬೇಕಾದ ವೆಚ್ಚದಲ್ಲಿ ಸೇರುವ ಅಂಕಿಯಿದು. ವಕೀಲರಿಗೆ ನಿಜವಾಗಿ ಸಂದಾಯವಾಗುವ ಮೊತ್ತಕ್ಕೂ ಇದಕ್ಕೂ ಸಂಬಂಧವಿಲ್ಲ. ಹಲವು ವರ್ಷ ಸಾಕ್ಷಿ, ಪಾಟೀಸವಾಲು, ವೈದ್ಯರ ಹೇಳಿಕೆ ಎಂದು ಓಡಾಡುವ ಪ್ರಕರಣಕ್ಕೆ ಸಾವಿರ ರೂಪಾಯಿ ಎಂದು ಬರೆಯುವ ವ್ಯವಸ್ಥೆ, ನಿಜವಾದ ಫೀಸನ್ನು ಕಾಗದದಿಂದ ಹೊರಗೆ ತಾನೇ ತಳ್ಳಿದೆ.

ಹೊರಗೆ ತಳ್ಳಲ್ಪಟ್ಟದ್ದರ ಗಾತ್ರ ತಿಳಿಯಲು ಒಂದು ಕಲ್ಪಿತ ಉದಾಹರಣೆ ನೋಡಬಹುದು. ತಿಂಗಳಿಗೆ 15,000 ರೂಪಾಯಿ ಸಂಪಾದಿಸುತ್ತಿದ್ದ, ಸ್ವಂತ ಉದ್ಯೋಗದ, 32 ವರ್ಷದ ವ್ಯಕ್ತಿ ಮೃತಪಟ್ಟಿದ್ದಾರೆ. ಪತ್ನಿ, ಇಬ್ಬರು ಮಕ್ಕಳು, ತಾಯಿ ಅವಲಂಬಿತರು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2017ರಲ್ಲಿ ಹೇಳಿದಂತೆ ಭವಿಷ್ಯದ ಆದಾಯ ಏರಿಕೆಗೆ ಶೇ 40 ಸೇರಿಸಿದರೆ ತಿಂಗಳ ಆದಾಯ 21,000. ಅವಲಂಬಿತರು ನಾಲ್ವರಿರುವುದರಿಂದ ಮೃತರ ಸ್ವಂತ ಖರ್ಚಿಗೆ ನಾಲ್ಕನೇ ಒಂದು ಪಾಲು ಕಳೆದರೆ 15,750. ಅದನ್ನು ವರ್ಷದ 12 ತಿಂಗಳಿಂದ, ನಂತರ ಎಷ್ಟು ವರ್ಷದ ಆದಾಯವನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಸುಪ್ರೀಂ ಕೋರ್ಟಿನ 2009ರ ತೀರ್ಪು ಆ ವಯಸ್ಸಿಗೆ ಗೊತ್ತುಮಾಡಿದ ಗುಣಕ 16ರಿಂದ ಗುಣಿಸಿದರೆ 30,24,000 ರೂಪಾಯಿ. ಅಂತ್ಯಕ್ರಿಯೆಯ ವೆಚ್ಚ, ಸಾಂಗತ್ಯದ ನಷ್ಟ ಮುಂತಾದ ನಿಗದಿತ ಬಾಬ್ತುಗಳು ಇದರ ಮೇಲೆ ಸೇರುತ್ತವೆ. ಈ ಮೊತ್ತದಲ್ಲಿ ಶೇ 20 ಎಂದು ಬಾಯಿಮಾತಿನ ಕರಾರಾಗಿದ್ದರೆ ಪಾಲು ಆರು ಲಕ್ಷವನ್ನು ದಾಟುತ್ತದೆ.

ಇಲ್ಲಿ ವಕೀಲರ ಪರವಾಗಿಯೂ ಒಂದು ಮಾತು ಹೇಳಬೇಕು. ಭವಿಷ್ಯದ ಏರಿಕೆಯ ಆ ಶೇ 40 ಒಂದನ್ನು ಕೈಬಿಟ್ಟರೆ ಇದೇ ಲೆಕ್ಕ 21,60,000ಕ್ಕೆ ಕುಸಿಯುತ್ತದೆ, ವ್ಯತ್ಯಾಸ 8,64,000. ಗಾಯದ ಪ್ರಕರಣಗಳಲ್ಲಂತೂ ವೈದ್ಯರು ಬರೆದ ಅಂಗವೈಕಲ್ಯದ ಪ್ರಮಾಣ ಬೇರೆ, ಅದರಿಂದ ದುಡಿಮೆಗೆ ಆದ ಹಾನಿಯ ಪ್ರಮಾಣ ಬೇರೆ ಎಂಬುದನ್ನು ಸಾಕ್ಷ್ಯದಿಂದ ತೋರಿಸಬೇಕಾಗುತ್ತದೆ. ಕಾಲು ಕಳೆದುಕೊಂಡ ಗುಮಾಸ್ತನಿಗೂ ಕಾಲು ಕಳೆದುಕೊಂಡ ಗಾರೆ ಕೆಲಸಗಾರನಿಗೂ ಆಗುವ ನಷ್ಟ ಒಂದೇ ಅಲ್ಲ. ಈ ಅಂತರವನ್ನು ಹಣದ ಭಾಷೆಗೆ ತರುವುದು ಪಳಗಿದ ವಕೀಲರ ಕೆಲಸ. ಒಳ್ಳೆಯ ವಕೀಲರಿಗೆ ಒಳ್ಳೆಯ ಫೀಸು ಸಲ್ಲಬೇಕು ಎಂಬುದರಲ್ಲಿ ತಕರಾರಿಲ್ಲ. ಅದನ್ನು ಅಳೆಯುವ ಕೋಲು ಯಾವುದು ಎಂಬುದರಲ್ಲಿ ಇದೆ.

ಪಾಲು ಯಾವುದರ ಬೆಲೆ?

ಅಮೆರಿಕದ ಸಮರ್ಥನೆಯನ್ನು ಈಗ ನಮ್ಮ ನೆಲಕ್ಕೆ ತಂದು ನೋಡೋಣ. ಮೂರನೆಯವರಿಗೆ ಆಗುವ ಹಾನಿಗೆ ವಿಮೆ ನಮ್ಮಲ್ಲಿ ಕಡ್ಡಾಯ. ಪರಿಹಾರದ ಸೂತ್ರ ಬಹುಮಟ್ಟಿಗೆ ಸಿದ್ಧವಾಗಿದೆ. ಆದಾಯಕ್ಕೆ ದಾಖಲೆ ಇಲ್ಲದಿದ್ದರೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಅಂದಾಜು ಆದಾಯದ ಪಟ್ಟಿಯನ್ನು ನಮ್ಮ ಹೈಕೋರ್ಟ್ ಆಧಾರವಾಗಿ ಬಳಸುತ್ತದೆ. ಜ್ಯೂರಿ ಇಲ್ಲ. ವಿಮೆ ಇರುವ ವಾಹನ ಡಿಕ್ಕಿ ಹೊಡೆದು, ಪೊಲೀಸರು ಆ ಚಾಲಕನ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಿರುವ ಸಾವಿನ ಪ್ರಕರಣದಲ್ಲಿ ಏನೂ ಸಿಗದೆ ಹೋಗುವ ಸಾಧ್ಯತೆ ತೀರಾ ಕಡಿಮೆ. ತಕರಾರು ಉಳಿಯುವುದು ಹೆಚ್ಚಾಗಿ ಎಷ್ಟು ಮತ್ತು ಯಾವಾಗ ಎಂಬುದರ ಬಗ್ಗೆ.

ನಿಜವಾದ ಅಪಾಯವಿರುವ ಪ್ರಕರಣಗಳು ಬೇರೆಯೇ ಇವೆ. ವಿಮೆ ಇಲ್ಲದ ವಾಹನ, ಆಸ್ತಿಯಿಲ್ಲದ ಮಾಲೀಕ, ಗಾಯಾಳುವಿನದೇ ತಪ್ಪೆಂಬ ಪೊಲೀಸ್ ವರದಿ: ಇಂಥವುಗಳಲ್ಲಿ ತೀರ್ಪು ಬಂದರೂ ಹಣ ಬರುವ ಭರವಸೆಯಿಲ್ಲ. ಗುದ್ದಿ ಪರಾರಿಯಾದ ಪ್ರಕರಣಗಳಲ್ಲಿ ಸರ್ಕಾರಿ ಯೋಜನೆಯ ಮೊತ್ತ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಶೇಕಡಾವಾರು ಲೆಕ್ಕ ಹಾಕುವವರಿಗೆ ಇವುಗಳಲ್ಲಿ ಆಸಕ್ತಿ ಮೂಡಲು ಕಾರಣವೇ ಇಲ್ಲ. ಹೀಗಾಗಿ ಅಪಾಯಕ್ಕೆ ಪ್ರತಿಫಲವೆಂದು ಹೇಳಲಾಗುವ ಪಾಲು ಅಪಾಯ ಕಡಿಮೆಯಿರುವ ಕಡೆಗೇ ಹರಿಯುತ್ತದೆ.

ಹಾಗಾದರೆ ನೊಂದ ಕುಟುಂಬ ಆ ಪಾಲಿನಿಂದ ಏನನ್ನು ಕೊಳ್ಳುತ್ತಿದೆ? ಕಾಯುವ ಶಕ್ತಿಯನ್ನು. ದುಡಿಯುವ ಕೈ ನಿಂತುಹೋದ ಮನೆಯಲ್ಲಿ ಮುಂಗಡ ಫೀಸಿಗೆ ಹಣವಿರುವುದಿಲ್ಲ. ಆಸ್ಪತ್ರೆಯ ದಾಖಲೆ, ಪೊಲೀಸ್ ಕಾಗದ, ಸಾಕ್ಷಿಗಳ ಓಡಾಟದ ಖರ್ಚನ್ನು ವಕೀಲರೇ ಹಾಕಿ, ತೀರ್ಪು ಬರುವ ತನಕ, ಕೆಲವೊಮ್ಮೆ ಹೈಕೋರ್ಟಿನ ಮೇಲ್ಮನವಿ ಮುಗಿಯುವ ತನಕ ತಡೆದುಕೊಳ್ಳುತ್ತಾರೆ. ಅರ್ಥಾತ್ ಇದು ಬಡ್ಡಿಯ ದರ ಹೇಳದೆ ಕೊಟ್ಟ ಸಾಲ. ಸಾಲವೆಂದು ಒಪ್ಪಿಕೊಂಡರೆ ಅದರ ನ್ಯಾಯವಾದ ಬೆಲೆ ಹಾಕಿದ ಖರ್ಚಿಗೂ ಕಾದ ಅವಧಿಗೂ ತಕ್ಕಂತೆ ಇರಬೇಕು. ಪರಿಹಾರದ ಶೇಕಡಾವಾರು ಪಾಲು ಇವೆರಡನ್ನೂ ಅಳೆಯುವುದಿಲ್ಲ. ಅದು ಅಳೆಯುವುದು ಮೃತರ ಆದಾಯವನ್ನು ಮತ್ತು ಅವಲಂಬಿತರ ಸಂಖ್ಯೆಯನ್ನು. ಮನೆಯಲ್ಲಿ ಅವಲಂಬಿತರು ಹೆಚ್ಚಿದಷ್ಟೂ ವಕೀಲರ ಪಾಲು ಬೆಳೆಯುವ ಈ ಲೆಕ್ಕವನ್ನು ಯಾವ ತರ್ಕದಿಂದಲೂ ಸಮರ್ಥಿಸುವುದು ಕಷ್ಟ.

ನಿಷೇಧ ಇರಲಿ ಎನ್ನುವವರು, ತೆಗೆಯಲಿ ಎನ್ನುವವರು

ನಿಷೇಧದ ಪರವಾಗಿರುವವರ ಬಲವಾದ ವಾದ ಸುಳ್ಳು ಕ್ಲೇಮುಗಳದು. ಉತ್ತರ ಪ್ರದೇಶದಲ್ಲಿ ನಕಲಿ ಅಪಘಾತ ಅರ್ಜಿಗಳ ಜಾಲವೇ ಇದೆಯೆಂಬ ಆರೋಪದ ತನಿಖೆಗೆ ವಿಶೇಷ ತಂಡ ರಚನೆಯಾಯಿತು. ಸುಪ್ರೀಂ ಕೋರ್ಟಿನ ಚಾಟಿಯ ನಂತರ 2021ರಲ್ಲಿ ವಕೀಲರ ಪರಿಷತ್ತು 28 ವಕೀಲರನ್ನು ಅಮಾನತು ಮಾಡಿತು. ಫಲದಲ್ಲಿ ಪಾಲಿದ್ದರೆ ಫಲವನ್ನು ಸೃಷ್ಟಿಸುವ ಆಸೆಯೂ ಹುಟ್ಟುತ್ತದೆ ಎಂಬುದು ಅವರ ಮಾತು. ಆಸ್ಪತ್ರೆಯ ವಾರ್ಡಿನಲ್ಲೇ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವ ಮಧ್ಯವರ್ತಿಗಳ ದಂಧೆ ಇನ್ನೊಂದು ಕಳವಳ. ರಾಜಿಯ ವಿಷಯದಲ್ಲೂ ಹಿತಾಸಕ್ತಿ ಬೇರೆಯಾಗುತ್ತದೆ. ಲೋಕ ಅದಾಲತ್ತಿನಲ್ಲಿ 20 ಲಕ್ಷಕ್ಕೆ ಒಪ್ಪಿದರೆ ಪಾಲು ಇಂದೇ ಕೈಸೇರುತ್ತದೆ, ಇನ್ನೆರಡು ವರ್ಷ ಹೋರಾಡಿ 25 ಲಕ್ಷ ಪಡೆದರೆ ಹೆಚ್ಚುವರಿ ಪಾಲು ಬರೀ ಒಂದು ಲಕ್ಷ. ಕುಟುಂಬಕ್ಕೆ ಮಾತ್ರ ಆ ಐದು ಲಕ್ಷ ದೊಡ್ಡದು, ಮತ್ತು ಅದಾಲತ್ತಿನ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ.

ನಿಷೇಧವನ್ನು ಸಡಿಲಿಸಬೇಕೆನ್ನುವ ವಕೀಲರು ಮುಂದಿಡುವ ಪ್ರಶ್ನೆಯೂ ಸುಲಭದ್ದಲ್ಲ. ಮುಂಗಡ ಕೇಳಿದರೆ ಬಡವರು ಬರಲಾರರು, ಮುಂಗಡವಿಲ್ಲದೆ ಪಾಲೂ ಇಲ್ಲವೆಂದರೆ ವಕೀಲರು ಬರಲಾರರು. ಎದುರಿಗೆ ಮಾತ್ರ ವಿಮಾ ಕಂಪನಿಯ ಪ್ಯಾನಲ್ ವಕೀಲರು ಸಿದ್ಧರಾಗಿ ನಿಂತಿರುತ್ತಾರೆ. ಜೊತೆಗೆ, ನಿಷೇಧದಿಂದ ಪಾಲು ನಿಂತಿಲ್ಲ, ಅದರ ಮಿತಿ ಮಾತ್ರ ಮಾಯವಾಗಿದೆ ಎನ್ನುವ ಅವರ ಟೀಕೆಯಲ್ಲಿ ಹುರುಳಿದೆ. ಬರೆದರೆ ದುರ್ನಡತೆಗೆ ಸಾಕ್ಷಿಯಾಗುವುದರಿಂದ ಒಪ್ಪಂದ ಬಾಯಲ್ಲೇ ಉಳಿಯುತ್ತದೆ. ಕೋರ್ಟಿನಲ್ಲಿ ವಸೂಲಿ ಮಾಡಲಾಗದ ಪಾಲಿಗೆ ಖಾಲಿ ಚೆಕ್ಕು, ಅರ್ಜಿದಾರರ ಪಾಸ್‌ಬುಕ್ಕು, ಹಣ ಬಿಡಿಸುವ ದಿನ ಬ್ಯಾಂಕಿಗೆ ಜೊತೆಯಲ್ಲಿ ಹೋಗುವುದು ಇಂಥವೇ ಭದ್ರತೆಯಾಗುತ್ತವೆ. ತೆಲಂಗಾಣದ ಪ್ರಕರಣ ಹೊರಬಂದದ್ದೂ ಚೆಕ್ಕಿನ ಕಾರಣಕ್ಕೇ.

ಇಂಗ್ಲೆಂಡ್ ಬಿಟ್ಟುಬಂದ ದಾರಿ

ನಮ್ಮ ನಿಷೇಧದ ಬೇರು ಇಂಗ್ಲಿಷ್ ಕಾನೂನಿನಲ್ಲಿದೆ. ಆದರೆ ಪರರ ಮೊಕದ್ದಮೆಯಲ್ಲಿ ಪಾಲುದಾರರಾಗುವುದನ್ನು ಅಪರಾಧಗಳ ಪಟ್ಟಿಯಿಂದ ಇಂಗ್ಲೆಂಡ್ 1967ರಲ್ಲೇ ತೆಗೆದುಹಾಕಿತು. 1990ರ ಕಾಯ್ದೆ ಗೆದ್ದರೆ ಹೆಚ್ಚುವರಿ ಶುಲ್ಕ ಪಡೆಯುವ ಒಪ್ಪಂದಗಳಿಗೆ ದಾರಿ ತೆರೆಯಿತು. 2013ರಿಂದ ದೈಹಿಕ ಗಾಯದ ಪ್ರಕರಣಗಳಲ್ಲಿ ಆ ಹೆಚ್ಚುವರಿ ಶುಲ್ಕಕ್ಕೆ ಪರಿಹಾರದ ಶೇ 25ರ ಮಿತಿಯಿದೆ.

ಆ ಮಿತಿಯ ಒಳಗಿನ ವಿವರ ನಮಗೆ ಹೆಚ್ಚು ಮುಖ್ಯ. ಶೇ 25ರ ಲೆಕ್ಕವನ್ನು ನೋವು ಸಂಕಟದ ಪರಿಹಾರ ಮತ್ತು ಈಗಾಗಲೇ ಆಗಿಹೋದ ನಷ್ಟದ ಮೇಲೆ ಮಾತ್ರ ಹಾಕಬೇಕು. ಭವಿಷ್ಯದ ಆರ್ಥಿಕ ನಷ್ಟಕ್ಕೆ ಕೊಟ್ಟ ಹಣವನ್ನು ಮುಟ್ಟುವಂತಿಲ್ಲ. ಮುಂದಿನ ಬದುಕಿಗೆಂದು ಕೊಟ್ಟದ್ದು ಗಾಯಾಳುವಿಗೆ ಪೂರ್ತಿ ಉಳಿಯಲಿ ಎಂಬುದು ಅದರ ಉದ್ದೇಶ. ನಮ್ಮ ಸಾವಿನ ಪ್ರಕರಣಗಳಲ್ಲಿ ಕುಟುಂಬಕ್ಕೆ ಸಿಗುವುದರ ಬಹುಪಾಲು ಮುಂದಿನ ವರ್ಷಗಳ ಆಸರೆಯ ನಷ್ಟವೇ. ಮೇಲಿನ ಉದಾಹರಣೆಯ 30,24,000ಕ್ಕೆ ಇದೇ ತತ್ವವನ್ನು ಅನ್ವಯಿಸಿದರೆ ವಕೀಲರ ಪಾಲಿಗೆ ಉಳಿಯುವ ಆಧಾರ ಹೆಚ್ಚುಕಡಿಮೆ ಆ ನಿಗದಿತ ಬಾಬ್ತುಗಳಷ್ಟೇ. ಇಂಗ್ಲೆಂಡಿನಂತೆ ನಮ್ಮಲ್ಲೂ ಬರಲಿ ಎನ್ನುವವರು ಈ ಭಾಗವನ್ನು ಸಾಮಾನ್ಯವಾಗಿ ಉಲ್ಲೇಖಿಸುವುದಿಲ್ಲ.

ನಿಷೇಧವನ್ನು ಉಳಿಸಿಕೊಂಡೇ ಹೋಗುವ ಇನ್ನೊಂದು ದಾರಿಯೂ ಇದೆ. ಸಾವಿರ ರೂಪಾಯಿಯ ಆ ಸಾಲನ್ನು ವಾಸ್ತವಕ್ಕೆ ತಂದು, ನಡೆದ ಕೆಲಸ ಮತ್ತು ಕಾದ ಅವಧಿಯನ್ನು ನೋಡಿ ನ್ಯಾಯಮಂಡಳಿಯೇ ನ್ಯಾಯವಾದ ಶುಲ್ಕವನ್ನು ನಿಗದಿಮಾಡಿ, ಅದನ್ನು ಪರಿಹಾರದ ಜೊತೆಗೆ ವಿಮಾ ಕಂಪನಿಯಿಂದ ಪ್ರತ್ಯೇಕವಾಗಿ ಕೊಡಿಸಬಹುದು. ಕುಟುಂಬದ ಹಣ ಕರಗುವುದಿಲ್ಲ, ವಕೀಲರೂ ಬರಿಗೈಯಲ್ಲಿ ಹೋಗುವುದಿಲ್ಲ. ಪ್ರೀಮಿಯಂ ಏರುತ್ತದೆ ಎಂದು ವಿಮಾ ಕಂಪನಿಗಳು ತಕರಾರು ತೆಗೆಯುವುದು ಖಚಿತ. ಆದರೂ ಮೂರು ದಾರಿಗಳಲ್ಲಿ ಹೆಚ್ಚು ಸಮಂಜಸವಾಗಿ ಕಾಣುವುದು ಇದೇ.

ನೇರ ವರ್ಗಾವಣೆಯ ಪರಿಣಾಮಗಳು

ಹಣ ನೇರವಾಗಿ ಖಾತೆಗೆ ಹೋದಾಗ ಬದಲಾಗುವುದು ಕಾನೂನಲ್ಲ, ಹಿಡಿತ. ಠೇವಣಿ, ಹಣ ಬಿಡುಗಡೆಯ ಅರ್ಜಿ, ಚೆಕ್ಕು ಎಂಬ ಮೆಟ್ಟಿಲುಗಳಲ್ಲಿ ವಕೀಲರ ಕಚೇರಿಗೆ ಇದ್ದ ಪಾತ್ರ ಕುಗ್ಗುತ್ತದೆ. ಇದರಿಂದ ಅರ್ಜಿದಾರರ ಬಲ ಹೆಚ್ಚುತ್ತದೆ, ನಿಜ. ಆದರೆ ಪಾಲಿನ ಭರವಸೆಯ ಮೇಲೆ ನಿಂತಿದ್ದ ಸಾಲದ ಏರ್ಪಾಡು ಸುಮ್ಮನೆ ಕರಗಿಹೋಗುತ್ತದೆ ಎಂದು ನಂಬುವುದು ಭೋಳೆತನ. ಮುಂಗಡ ಕೇಳುವುದು ಹೆಚ್ಚಬಹುದು, ಮೊದಲ ದಿನವೇ ಚೆಕ್ಕು ಬರೆಸಿಕೊಳ್ಳುವುದು ಹೆಚ್ಚಬಹುದು. ಪರಿಹಾರ ಐವತ್ತು ಸಾವಿರ ದಾಟದ ಸಣ್ಣ ಗಾಯದ ಪ್ರಕರಣಗಳಿಗೆ ವಕೀಲರು ಸಿಗುವುದೇ ಕಷ್ಟವಾಗಬಹುದು.

ಆತುರವೂ ಇದಕ್ಕೆ ಸೇರಿಕೊಂಡಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಅಪಘಾತ ನಡೆದ ಆರು ತಿಂಗಳ ಒಳಗೆ ಅರ್ಜಿ ಸಲ್ಲಿಸಬೇಕು. 2022ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತು. ಗಡುವಿನ ಹೆದರಿಕೆ ಕುಟುಂಬಗಳನ್ನು ಮೊದಲು ಸಿಕ್ಕ ಮಧ್ಯವರ್ತಿಯ ಕೈಗೆ ತಳ್ಳುತ್ತದೆ ಎಂಬ ಕಾರಣಕ್ಕೆ ಈ ಆದೇಶಕ್ಕೂ ಫೀಸಿನ ಪ್ರಶ್ನೆಗೂ ನಂಟಿದೆ.

ವಕೀಲರಿಲ್ಲದೆಯೂ ಪ್ರಕರಣ ಆರಂಭವಾಗುವ ಬಾಗಿಲು ಅದೇ ಕಾಯ್ದೆಯ ವ್ಯವಸ್ಥೆಯಲ್ಲಿದೆ. ಪೊಲೀಸರು 48 ಗಂಟೆಗಳಲ್ಲಿ ಮೊದಲ ಅಪಘಾತ ವರದಿಯನ್ನು, 90 ದಿನಗಳಲ್ಲಿ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಲು ಅವಕಾಶವಿದೆ. ವಿಮಾ ಕಂಪನಿಯ ನಿಯೋಜಿತ ಅಧಿಕಾರಿ ತಾನಾಗಿಯೇ ಪರಿಹಾರದ ಪ್ರಸ್ತಾಪ ಇಡಬೇಕು. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದರ ಜಾರಿಗೆ ವಿವರವಾದ ನಿರ್ದೇಶನಗಳನ್ನೂ ಕೊಟ್ಟಿದೆ. ಈ ವ್ಯವಸ್ಥೆ ಠಾಣೆಯ ಮಟ್ಟದಲ್ಲಿ ಸರಿಯಾಗಿ ನಡೆದರೆ ಓಡಾಟದ ಖರ್ಚು ಇಳಿಯುತ್ತದೆ, ಕಾಯುವ ಅವಧಿ ಕುಗ್ಗುತ್ತದೆ. ಪಾಲಿಗೆ ಆಧಾರವಾಗಿದ್ದ ಎರಡೂ ಕಾರಣಗಳು ಆಗ ದುರ್ಬಲವಾಗುತ್ತವೆ.

ಅರ್ಜಿದಾರರ ಕೈಯಲ್ಲಿರುವುದು

ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರಿಗೆ ಅರ್ಹರು. ಪತಿಯನ್ನು ಕಳೆದುಕೊಂಡ ಪತ್ನಿ, ಅಪ್ರಾಪ್ತ ಮಕ್ಕಳು, ಅಪಘಾತದಿಂದಲೇ ಅಂಗವಿಕಲರಾದವರು ಎಲ್ಲರೂ ಈ ಪಟ್ಟಿಯಲ್ಲಿ ಬರುತ್ತಾರೆ. ಸಾವಿನ ಪ್ರಕರಣಗಳ ಅರ್ಜಿದಾರರಲ್ಲಿ ಬಹಳಷ್ಟು ಮಂದಿ ಅರ್ಹರಿದ್ದೂ ಈ ಸೌಲಭ್ಯದ ಮಾತು ಆಸ್ಪತ್ರೆಯ ವಾರ್ಡನ್ನು ತಲುಪುವ ಮೊದಲೇ ಮಧ್ಯವರ್ತಿ ತಲುಪಿರುತ್ತಾನೆ. ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಸೇವಾ ಸಮಿತಿಯ ಕಚೇರಿ ಇರುತ್ತದೆ. ಸಹಾಯವಾಣಿಯ ಸಂಖ್ಯೆ 15100.

ಖಾಸಗಿ ವಕೀಲರನ್ನೇ ನೇಮಿಸಿಕೊಳ್ಳುವವರು ಫೀಸನ್ನು ನಿಶ್ಚಿತ ಮೊತ್ತವಾಗಿ ಬರೆಸಿಕೊಳ್ಳಬಹುದು. ಅದನ್ನು ಕಂತುಗಳಲ್ಲಿ ಅಥವಾ ಕೊನೆಯಲ್ಲಿ ಕೊಡುವ ಕರಾರು ತಾನಾಗಿಯೇ ನಿಯಮಬಾಹಿರವಲ್ಲ. ಗೆದ್ದರೆ ಮಾತ್ರ ಅಥವಾ ಬಂದದ್ದರಲ್ಲಿ ಇಷ್ಟು ಪಾಲು ಎಂದಾಗ ಮಾತ್ರ ಗೆರೆ ದಾಟಿದಂತೆ. ಶೇಕಡಾವಾರು ಪಾಲನ್ನು ನಿರಾಕರಿಸಿದರೆ ವಕೀಲರು ಅದಕ್ಕಾಗಿ ದಾವೆ ಹೂಡಿ ಗೆಲ್ಲಲಾರರು, ಆದರೆ ಮಾಡಿದ ಕೆಲಸಕ್ಕೆ ಯುಕ್ತ ಶುಲ್ಕದ ಹೊಣೆ ಕಕ್ಷಿದಾರರ ಮೇಲೆ ಉಳಿಯುತ್ತದೆ. ಫೀಸು ಬಾಕಿಯೆಂದು ಕಡತವನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ತೀರ್ಮಾನಿಸಿದೆ. ಆದ್ದರಿಂದ ನಡುವೆ ವಕೀಲರನ್ನು ಬದಲಿಸಬಯಸುವವರು ತಮ್ಮ ವೈದ್ಯಕೀಯ ದಾಖಲೆ, ಪೊಲೀಸ್ ಕಾಗದಗಳನ್ನು ಕೇಳಿ ಪಡೆಯಬಹುದು, ಕೊಡದಿದ್ದರೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ನೇರ ವರ್ಗಾವಣೆಯ ಆದೇಶಗಳ ಪ್ರಯೋಜನ ಸಿಗಬೇಕಾದರೆ ಅರ್ಜಿಯಲ್ಲಿ ನಮೂದಾಗುವ ಖಾತೆ ಅರ್ಜಿದಾರರು ತಾವೇ ತೆರೆದದ್ದಾಗಿರಬೇಕು, ಅದರ ಪಾಸ್‌ಬುಕ್, ಎಟಿಎಂ ಕಾರ್ಡ್ ಮತ್ತು ಸಹಿ ಮಾಡದ ಚೆಕ್ಕುಗಳು ಮನೆಯಲ್ಲೇ ಇರಬೇಕು, ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಅವರದೇ ಆಗಿರಬೇಕು.